ಮಹಾಮಾನವನ ಕನಸು ಮತ್ತು ನೇಸರಗಿಯ ಮಗು

ಮನುಷ್ಯನ ದೇಹ ಹಾಗೂ ಬುದ್ಧಿಯ ಮಿತಿಗಳನ್ನು ತಂತ್ರಜ್ಞಾನದಿಂದ ಮೀರಬಹುದು, ಮುಪ್ಪನ್ನು ಮುಂದೂಡಬಹುದು, ಕೊನೆಗೆ ಮರಣವನ್ನೂ ಗೆಲ್ಲಬಹುದು ಎಂದು ವಾದಿಸುವ ಚಿಂತನೆಯೊಂದು ಪಾಶ್ಚಾತ್ಯ ಜಗತ್ತಿನಲ್ಲಿ ಬಲ ಪಡೆಯುತ್ತಿದೆ. ಟ್ರಾನ್ಸ್‌ಹ್ಯೂಮನಿಸಂ ಎಂದು ಅದರ ಹೆಸರು. ಬ್ರಿಟನಿನ ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ 1957ರಲ್ಲಿ ಇದೇ ಹೆಸರಿನ ಪ್ರಬಂಧ ಬರೆದು ಅದನ್ನು ಪ್ರಚಾರಕ್ಕೆ ತಂದರು. 1998ರಲ್ಲಿ ಅದರ ಬೆಂಬಲಿಗರು ಜಾಗತಿಕ ಸಂಘಟನೆಯೊಂದನ್ನು ಕಟ್ಟಿದರು. 2024ರ ಜನವರಿಯಲ್ಲಿ ಇಲಾನ್ ಮಸ್ಕ್‌ರ ನ್ಯೂರಾಲಿಂಕ್ ಕಂಪೆನಿಯು ಅಮೆರಿಕದಲ್ಲಿ ಮೊದಲ ಬಾರಿಗೆ ಮನುಷ್ಯನ ಮೆದುಳಿನಲ್ಲಿ ತನ್ನ ಚಿಪ್ ಅಳವಡಿಸಿತು. ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಯುವಕನೊಬ್ಬ ಬರೇ ಆಲೋಚನೆಯಿಂದಲೇ ಕಂಪ್ಯೂಟರಿನಲ್ಲಿ ಚೆಸ್ ಆಡಿದುದನ್ನು ಜಗತ್ತು ಬೆರಗಿನಿಂದ ನೋಡಿತು.

ಬೈಲಹೊಂಗಲ ತಾಲೂಕಿನ ನೇಸರಗಿಯಂತಹ ಊರಿನಲ್ಲಿ ಕುಳಿತು ಇದನ್ನು ಓದುವವರಿಗೆ ಇದು ದೂರದ ಶ್ರೀಮಂತರ ಹವ್ಯಾಸವೆನಿಸಬಹುದು. ಆದರೆ ಯಂತ್ರವು ಮನುಷ್ಯನ ನರಮಂಡಲದೊಂದಿಗೆ ಕೂಡಿಕೊಳ್ಳುವ ಕೆಲಸ ನಮ್ಮ ರಾಜ್ಯದ ಸಾಮಾನ್ಯ ಮನೆಗಳಿಗೂ ಎಂದೋ ಬಂದಿದೆ. ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಅಂತಹದೇ ಸಾಧನ. ಕಿವಿಯ ಹೊರಗಿರುವ ಪ್ರೊಸೆಸರ್ ಶಬ್ದವನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ ಚರ್ಮದ ಒಳಗಿನ ಭಾಗಕ್ಕೆ ರವಾನಿಸುತ್ತದೆ. ಒಳಕಿವಿಯಲ್ಲಿ ಇರಿಸಿದ ಸೂಕ್ಷ್ಮ ತಂತಿಗಳು ಶ್ರವಣ ನರವನ್ನು ನೇರವಾಗಿ ಪ್ರಚೋದಿಸುತ್ತವೆ. ಆದುದರಿಂದ ಈ ಚರ್ಚೆ ನಮಗೆ ಸಂಬಂಧಿಸಿದ್ದಲ್ಲವೆಂದು ಕೈ ತೊಳೆದುಕೊಳ್ಳುವಂತಿಲ್ಲ.

ದೇಹಕ್ಕೆ ಯಂತ್ರವನ್ನು ಜೋಡಿಸುವುದು ಸೃಷ್ಟಿಯಲ್ಲಿ ಕೈಯಾಡಿಸಿದಂತಲ್ಲವೇ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಅಲ್ಲಾಹನ ಸೃಷ್ಟಿಯನ್ನು ಮಾರ್ಪಡಿಸುವುದು ಸೈತಾನನ ಪ್ರೇರಣೆ ಎಂಬ ಎಚ್ಚರಿಕೆ ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದಲ್ಲಿದೆ ಎಂಬುದು ನಿಜ. ಆದರೆ ಯುದ್ಧವೊಂದರಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜಾ(ರ) ಎಂಬ ಅನುಯಾಯಿಯ ಪ್ರಸಂಗವನ್ನೂ ನಾವು ನೆನಪಿಸಿಕೊಳ್ಳಬೇಕು. ಅವರು ಹಾಕಿಸಿಕೊಂಡಿದ್ದ ಬೆಳ್ಳಿಯ ಮೂಗು ದುರ್ವಾಸನೆ ಬೀರತೊಡಗಿದಾಗ ಚಿನ್ನದ ಮೂಗು ಇರಿಸಿಕೊಳ್ಳುವಂತೆ ಪ್ರವಾದಿ(ಸ) ಸೂಚಿಸಿದರೆಂದು ಅಬೂದಾವೂದ್ ಮತ್ತು ತಿರ್ಮಿದಿ ಹದೀಸ್ ಗ್ರಂಥಗಳು ದಾಖಲಿಸಿವೆ. ಪುರುಷರಿಗೆ ನಿಷಿದ್ಧವಾದ ಚಿನ್ನವೂ ಅಲ್ಲಿ ಅನುಮತಿ ಪಡೆಯಿತು. 2007ರಲ್ಲಿ ಮಲೇಶ್ಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯೂ ನ್ಯೂನತೆಯ ನಿವಾರಣೆಗಾಗಿ ಮಾಡುವ ಶಸ್ತ್ರಕ್ರಿಯೆ ಬೇರೆ, ಬರೇ ಚಪಲಕ್ಕಾಗಿ ರೂಪ ಬದಲಿಸಿಕೊಳ್ಳುವುದು ಬೇರೆ ಎಂದೇ ತೀರ್ಮಾನಿಸಿತು.

ಹಾಗಾದರೆ ಆತಂಕ ಪಡಬೇಕಾದುದು ಯಾವುದರ ಕುರಿತು? ಒಂದನೆಯದು, ಉತ್ತಮ ಮನುಷ್ಯ ಯಾರೆಂದು ನಿರ್ಧರಿಸುವ ಅಧಿಕಾರದ ಕುರಿತು. ಟ್ರಾನ್ಸ್‌ಹ್ಯೂಮನಿಸಂಗೆ ಹೆಸರು ತಂದುಕೊಟ್ಟ ಹಕ್ಸ್‌ಲಿಯವರೇ 1959ರಿಂದ 1962ರ ವರೆಗೆ ಬ್ರಿಟನಿನ ಯುಜೆನಿಕ್ಸ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ಯುಜೆನಿಕ್ಸ್ ಎಂದರೆ ಮನುಷ್ಯ ತಳಿಯನ್ನು ಸುಧಾರಿಸುವ ವಾದ. ಅದೇ ವಾದದ ಬಲದಿಂದ ನಾಝಿ ಜರ್ಮನಿಯು 1933ರಲ್ಲಿ ಕಾನೂನು ತಂದು ಹುಟ್ಟು ಕಿವುಡರು, ಕುರುಡರು ಸಹಿತ ಲಕ್ಷಾಂತರ ಜನರಿಗೆ ಬಲವಂತದ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿತು. ಮೇಲಿನ ಮನುಷ್ಯನನ್ನು ಕಲ್ಪಿಸಿಕೊಂಡವರು ಕೆಳಗಿನ ಮನುಷ್ಯನನ್ನೂ ಕಲ್ಪಿಸಿಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಎರಡನೆಯದು, ಒಡೆತನದ ಪ್ರಶ್ನೆ. ಅಮೆರಿಕದ ಸೆಕೆಂಡ್ ಸೈಟ್ ಎಂಬ ಕಂಪೆನಿ ಅಂಧರಿಗಾಗಿ ಆರ್ಗಸ್ 2 ಎಂಬ ಕೃತಕ ಅಕ್ಷಿಪಟಲವನ್ನು ತಯಾರಿಸಿತ್ತು. 2013ರಲ್ಲಿ ಅದಕ್ಕೆ ಅಮೆರಿಕ ಸರಕಾರದ ಅನುಮತಿಯೂ ಸಿಕ್ಕಿತು. ಜಗತ್ತಿನಾದ್ಯಂತ 350ಕ್ಕೂ ಹೆಚ್ಚು ಜನ ಅದನ್ನು ಅಳವಡಿಸಿಕೊಂಡರು. ಆದರೆ ಲಾಭವಿಲ್ಲವೆಂದು ಕಂಪೆನಿ 2019ರಲ್ಲಿ ತಯಾರಿಕೆ ನಿಲ್ಲಿಸಿತು. 2020ರಲ್ಲಿ ಹೆಚ್ಚಿನ ನೌಕರರನ್ನು ಮನೆಗೆ ಕಳುಹಿಸಿತು. ಕಣ್ಣಿನೊಳಗೆ ಯಂತ್ರವಿಟ್ಟುಕೊಂಡವರಿಗೆ ಬಿಡಿಭಾಗವೂ ಇಲ್ಲ, ದುರಸ್ತಿಯೂ ಇಲ್ಲ ಎಂಬ ಸ್ಥಿತಿ ಬಂತು. ಮಾರುಕಟ್ಟೆಯ ಲೆಕ್ಕಾಚಾರ ಬದಲಾದುದಕ್ಕೆ ಮನುಷ್ಯನ ದೃಷ್ಟಿಯೇ ಅನಾಥವಾಯಿತು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಠಿ 1960ರ ದಶಕದ ಕೊನೆಯಲ್ಲಿ ರೂಪಿಸಿದ ಜೈಪುರ ಕಾಲು ರಬ್ಬರು, ಮರದಂತಹ ಸುಲಭ ವಸ್ತುಗಳಿಂದ ತಯಾರಾಯಿತು. ಅದನ್ನು ಧರಿಸಿದವರು ಕೆಸರಿನ ಹೊಲದಲ್ಲಿ ನಡೆಯಬಹುದು, ಕುಕ್ಕರಗಾಲಿನಲ್ಲಿ ಕೂರಬಹುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಬಹುದು. ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರಿನಂತಹ ಸೇವಾ ಸಂಸ್ಥೆಗಳು ಕೃತಕ ಕಾಲನ್ನು ಬಡವರಿಗೂ ತಲುಪಿಸುತ್ತಿವೆ. ಧರಿಸುವವನ ಬದುಕನ್ನು ನೋಡಿ ಮಾಡಿದ ಸಾಧನ ಅದು.

ಈಗ ನೇಸರಗಿಗೆ ಮರಳೋಣ. ಅಲ್ಲಿನ ಕೂಲಿಕಾರ ಕುಟುಂಬವೊಂದರಲ್ಲಿ ಕಿವಿ ಕೇಳದ ಮಗು ಹುಟ್ಟಿತೆಂದು ಭಾವಿಸಿ. 2014ರಲ್ಲಿ ಪರಿಷ್ಕೃತವಾದ ಕೇಂದ್ರದ ಅಡಿಪ್ ಯೋಜನೆಯು ಕಾಕ್ಲಿಯರ್ ಇಂಪ್ಲಾಂಟಿಗೆ ತಲಾ 6 ಲಕ್ಷ ರೂಪಾಯಿವರೆಗಿನ ನೆರವಿಗೆ ಅವಕಾಶ ಮಾಡಿತು. ರಾಜ್ಯ ಸರಕಾರದ ಶ್ರವಣ ಸಂಜೀವಿನಿ ಯೋಜನೆಯೂ ಇದೆ. ಆದರೆ ಮಾತು ಕಲಿಯುವ ಎಳೆಯ ಪ್ರಾಯ ದಾಟಿದರೆ ಶಸ್ತ್ರಕ್ರಿಯೆಯ ಪ್ರಯೋಜನ ಕುಗ್ಗುತ್ತಾ ಹೋಗುತ್ತದೆ. ಮಗು ತಡವಾಗಿ ಮಾತಾಡೀತು ಎಂಬ ಹಿರಿಯರ ಸಮಾಧಾನ, ತಾಯಿತ ಕಟ್ಟಿಸುವ ಅಲೆದಾಟ, ಹೆಣ್ಣುಮಗುವಾದರೆ ಮುಂದೆ ಸಂಬಂಧ ಬಾರದೆಂದು ಮುಚ್ಚಿಡುವ ಭಯ. ಇವುಗಳಲ್ಲಿ ಎರಡು ಮೂರು ವರ್ಷ ಕಳೆದರೆ ಆ ನಷ್ಟವನ್ನು ಯಾವ ಮಹಾಮಾನವ ಯಂತ್ರವೂ ತುಂಬಿಕೊಡದು.

ಶಸ್ತ್ರಕ್ರಿಯೆಯೊಂದಿಗೆ ಕೆಲಸ ಮುಗಿಯುವುದೂ ಇಲ್ಲ. ಮಗು ಕೇಳಿಸಿದುದನ್ನು ಅರ್ಥ ಮಾಡಿಕೊಳ್ಳಲು ಸುದೀರ್ಘ ತರಬೇತಿ ಬೇಕು. ತರಬೇತಿಗೆ ನಗರಕ್ಕೆ ಹೋದ ದಿನ ತಂದೆಯ ಅಥವಾ ತಾಯಿಯ ಕೂಲಿ ಹೋಗುತ್ತದೆ. ಬ್ಯಾಟರಿ ಮುಗಿಯುತ್ತದೆ, ತಂತಿ ತುಂಡಾಗುತ್ತದೆ, ವರ್ಷಗಳ ಬಳಿಕ ಪ್ರೊಸೆಸರೇ ಹಳತಾಗುತ್ತದೆ. ಒಂದು ಕಂಪೆನಿಯ ಒಳಭಾಗಕ್ಕೆ ಇನ್ನೊಂದು ಕಂಪೆನಿಯ ಹೊರಭಾಗ ಹೊಂದುವುದಿಲ್ಲ. ದುರಸ್ತಿಗೆ ಹಣವಿಲ್ಲದ ದಿನ ಆ ಮಗು ಪುನಃ ಮೌನಕ್ಕೆ ಮರಳುತ್ತದೆ. ಆರ್ಗಸ್ ಕಣ್ಣಿನವರಿಗೂ ಈ ಮಗುವಿಗೂ ಆಗ ಏನು ವ್ಯತ್ಯಾಸ?

ಆದುದರಿಂದ ಸರಕಾರವು ಶಸ್ತ್ರಕ್ರಿಯೆಗಳ ಸಂಖ್ಯೆಯನ್ನು ಹೇಳಿ ಬೆನ್ನು ತಟ್ಟಿಕೊಂಡರೆ ಸಾಲದು. ಪ್ರತಿ ನವಜಾತ ಶಿಶುವಿನ ಶ್ರವಣ ಪರೀಕ್ಷೆ, ತಾಲೂಕು ಮಟ್ಟದಲ್ಲೇ ಮಾತಿನ ತರಬೇತಿ, ಸಾಧನದ ಆಜೀವ ದುರಸ್ತಿಯ ಹೊಣೆ ಇವು ಯೋಜನೆಯ ಭಾಗವಾಗಬೇಕು. ದೇಹದೊಳಗೆ ಯಂತ್ರವಿಡುವ ಕಂಪೆನಿ ತನ್ನಿಚ್ಛೆಯಂತೆ ಕೈ ಬಿಡದಂತೆ ಕಾನೂನಿನ ಕಟ್ಟುಪಾಡು ಬೇಕು.

ಸಮುದಾಯಕ್ಕೂ ಹೊಣೆಯಿದೆ. ಮಸೀದಿಯ ಕಟ್ಟಡಕ್ಕೆ, ಮದುವೆಯ ಹಾಲಿಗೆ ಚಂದಾ ಎತ್ತುವ ನಮ್ಮ ಜಮಾತ್‌ಗಳು ತಮ್ಮ ಮೊಹಲ್ಲಾದಲ್ಲಿ ಕಿವಿ ಕೇಳದ ಮಕ್ಕಳು ಎಷ್ಟಿದ್ದಾರೆಂದು ಎಂದಾದರೂ ಲೆಕ್ಕ ಹಾಕಿವೆಯೇ? ಬಡ ಕುಟುಂಬದ ಮಗುವಿನ ಬ್ಯಾಟರಿಗೆ, ಬಸ್ಸಿನ ಖರ್ಚಿಗೆ ಝಕಾತಿನ ಹಣ ತಲುಪಿದರೆ ಅದಕ್ಕಿಂತ ಅರ್ಹ ದಾರಿ ಬೇರೆ ಯಾವುದಿದೆ? ಹೆತ್ತವರು ಮಗುವಿನ ನ್ಯೂನತೆಯನ್ನು ಮುಚ್ಚಿಡದೆ ಹೇಳಿಕೊಳ್ಳುವಂತಹ ವಾತಾವರಣವನ್ನು ನಿರ್ಮಿಸುವುದೂ ಸೇವೆಯೇ.

ಮರಣವನ್ನು ಗೆಲ್ಲುವ ಕನಸು ಕಾಣುವವರು ಕಾಣಲಿ. ತಾಯಿಯ ದನಿಯನ್ನೇ ಕೇಳದ ಮಗು ಪಕ್ಕದ ಮನೆಯಲ್ಲಿರುವಾಗ ಮನುಷ್ಯನನ್ನು ಮೀರುವ ಮಾತು ಆಮೇಲಿನದು. ಮೊದಲು ಆ ಮಗುವಿನ ಬಾಗಿಲು ತಟ್ಟೋಣ.