ಗುರುವಿನ ಮರುಹುಟ್ಟಿಗೂ ಸರಕಾರದ ಅಪ್ಪಣೆ

ಟಿಬೆಟ್ ಸ್ವತಂತ್ರ ದೇಶವೋ, ಚೀನಾದ ಭಾಗವೋ ಎಂಬ ವಾದ ಹಳೆಯದು. ದಲೈ ಲಾಮಾ ಅವರು 1988ರಲ್ಲೇ ಸ್ಟ್ರಾಸ್‌ಬರ್ಗ್‌ನಲ್ಲಿ ಸ್ವಾತಂತ್ರ್ಯದ ಪಟ್ಟು ಸಡಿಲಿಸಿ, ಚೀನಾದೊಡನೆ ಇದ್ದುಕೊಂಡೇ ಸ್ವಯಮಾಡಳಿತ ಸಾಕೆಂದರು. ಬೀಜಿಂಗ್‌ಗೆ ಅದೂ ಸಾಲಲಿಲ್ಲ. 1995ರ ಮೇ 14ರಂದು ಅವರು ಪಂಚೆನ್ ಲಾಮಾ ಎಂದು ಸಾರಿದ ಆರು ವರ್ಷದ ಬಾಲಕನನ್ನು ಮೂರೇ ದಿನದಲ್ಲಿ ಎತ್ತಿಕೊಂಡು ಹೋದರು. ಇಂದಿಗೂ ಹೊರಜಗತ್ತು ಅವನನ್ನು ಕಂಡಿಲ್ಲ. 2007ರಲ್ಲಿ ಲಾಮಾಗಳ ಪುನರ್ಜನ್ಮಕ್ಕೂ ಸರಕಾರದ ಒಪ್ಪಿಗೆ ಬೇಕೆಂಬ ಆದೇಶ ಬಂತು. ಜನ್ಮಾಂತರವನ್ನೇ ನಂಬದ ಪಕ್ಷದ ಆದೇಶವಿದು! ರಾಜ್ಯದ ಸಾರ್ವಭೌಮತ್ವ ನೆಲ, ಗಡಿ, ತೆರಿಗೆಗಳ ಮೇಲೆ ನಡೆಯಲಿ. ಗುರು ಯಾರೆಂಬುದನ್ನು ಶಿಷ್ಯರಲ್ಲವೇ ಹೇಳಬೇಕಾದವರು? ಉತ್ತರಾಧಿಕಾರಿಯನ್ನು ಗುರುತಿಸುವ ಹಕ್ಕು ತಮ್ಮ ಟ್ರಸ್ಟಿಗೆ ಮಾತ್ರವೆಂದು ದಲೈ ಲಾಮಾ ಅವರು 2025ರ ಜುಲೈ 2ರಂದು ಸ್ಪಷ್ಟಪಡಿಸಿದರು. ಚೀನಾ ಅಂದೇ ತಳ್ಳಿಹಾಕಿತು. ನಮ್ಮ ಬೈಲಕುಪ್ಪೆ, ಮುಂಡಗೋಡಗಳ ಭಿಕ್ಷುಗಳ ಮುಂದೆ ನಾಳೆ ಎರಡು ಹೆಸರುಗಳು ಬಂದಾವು; ಅವರು ಯಾವುದಕ್ಕೆ ತಲೆಬಾಗುವರೆಂಬುದನ್ನು ಬೀಜಿಂಗ್ ಕೂಡ ಬಲ್ಲದು.