ಮೊಟಕಾದ ನಡಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನೀರಿನ ಬವಣೆಯ ಕುರಿತು ಸರ್ಕಾರಿ ಕಡತಗಳು ಮಧುಗಿರಿ ಬೆಟ್ಟದಷ್ಟಿವೆ. ಕೊಡ ಹೊತ್ತು ನಡೆದವಳ ದೇಹದ ಕುರಿತು ಮಾತ್ರ ಅವು ಮೌನ.

ಹೆರಿಗೆಯಲ್ಲಿ ಸಡಿಲಗೊಂಡ ಶ್ರೋಣಿಯ ಸ್ನಾಯುಗಳು ಭಾರ ಎತ್ತಿದಾಗ, ಬಿರುಸಾಗಿ ನಡೆದಾಗ ಮೂತ್ರವನ್ನು ತಡೆಹಿಡಿಯಲಾರವು. ಅವಸರ ತೀವ್ರವಾದಾಗ ಹೆಜ್ಜೆ ಕಿರಿದಾಗಿ ನಡಿಗೆ ನಿಧಾನವಾಗುತ್ತದೆ. ವಯಸ್ಸಾದವರು ಬೀಳುವ ಅಪಾಯವೂ ಹೆಚ್ಚು. ಕ್ರಮೇಣ ಸಂತೆ, ಜಾತ್ರೆಗಳೇ ದೂರವಾಗುತ್ತವೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆ ಬಸ್ಸಿನ ಟಿಕೆಟ್ಟಿನ ಚಿಂತೆ ಕಳೆಯಿತು. ಆದರೆ ಪಾವಗಡದಿಂದ ತುಮಕೂರಿನವರೆಗಿನ ಸುಮಾರು 100 ಕಿ.ಮೀ. ದಾರಿಯಲ್ಲಿ ಮೂತ್ರದ ಚಿಂತೆ ಹಾಗೇ ಉಳಿದಿದೆ. ನೀರು ಕುಡಿಯದೆ ಹೊರಡುವುದೇ ಆಕೆಯ ಉಪಾಯ. ಅದರಿಂದ ಮೂತ್ರ ಗಾಢವಾಗಿ ಮೂತ್ರಕೋಶ ಇನ್ನಷ್ಟು ಕೆರಳುತ್ತದೆ.

ಅರ್ಥಶಾಸ್ತ್ರ ಓದಿದ ನನ್ನನ್ನು ಕಾಡುವುದು ಲೆಕ್ಕದ ಲೋಪ. 2019ರ ಕಾಲ ಬಳಕೆ ಸಮೀಕ್ಷೆ ಹೆಂಗಸರ ಮನೆಗೆಲಸದ ನಿಮಿಷಗಳನ್ನು ಎಣಿಸಿತು. ಹೋಗಬೇಕೆಂದಿದ್ದೂ ಹೋಗದೆ ಉಳಿದ ದಾರಿಯನ್ನು ಎಣಿಸುವವರಾರು?

'ಹೆತ್ತವರಿಗೆ ಇದೆಲ್ಲ ಸಹಜ' ಎಂದು ತಳ್ಳಿಹಾಕುವುದು ಸಲ್ಲದು. 1948ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ ಪ್ರಚುರಪಡಿಸಿದ, ಆ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವೇ ಇಂದಿಗೂ ಮೊದಲ ಚಿಕಿತ್ಸೆ. ಕನಿಷ್ಠ 3 ತಿಂಗಳ ಅಭ್ಯಾಸ ಬೇಕು, ಅಷ್ಟೆ. ಬಾಣಂತಿಯ ಮನೆಗೆ ಹೇಗೂ ಹೋಗುವ ಆಶಾ ಕಾರ್ಯಕರ್ತೆಗೆ ಆರೋಗ್ಯ ಇಲಾಖೆ ಇದನ್ನು ಕಲಿಸಲಿ; ಹೆಚ್ಚುವರಿ ಕೆಲಸದ ಗೌರವಧನವನ್ನೂ ಅದೇ ಸುತ್ತೋಲೆಯಲ್ಲಿ ನಮೂದಿಸಲಿ.