ಕುರ್ಚಿಯ ಗೇಣಿ

ಇಸ್ಪೀಟಿನ ಮಾತು ಬಂದೊಡನೆ ನಮ್ಮಲ್ಲಿ ಎರಡು ಪಂಗಡಗಳೇಳುತ್ತವೆ. ಜೂಜು ಮನೆಹಾಳು, ಅದನ್ನು ನಿಲ್ಲಿಸಿ ಎನ್ನುವವರದು ಒಂದು. ಪೋಕರ್ ಜೂಜಲ್ಲ, ಬುದ್ಧಿಯ ಆಟ, ತಡೆಯಲು ನೀವಾರು ಎನ್ನುವವರದು ಇನ್ನೊಂದು. ಈ ಜಗಳದ ನಡುವೆ ಮೂರನೆಯವನೊಬ್ಬನನ್ನು ಯಾರೂ ಗಮನಿಸುವುದಿಲ್ಲ. ಅವನು ಆಡುವವನಲ್ಲ, ಆದ್ದರಿಂದ ಸೋಲುವವನೂ ಅಲ್ಲ. ಮೇಜು ಅವನದು, ಕುರ್ಚಿ ಅವನದು, ಕುರ್ಚಿಗೆ ಮುಂಗಡ ಬರೆಸಿಕೊಳ್ಳುವ ಪುಸ್ತಕವೂ ಅವನದೇ. ಈ ವಾರ ಅವನ ವಿಷಯವನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ಹವ್ಯಾಸಿಗಳ ಪೋಕರ್ ಪಂದ್ಯಕ್ಕೆ ಹೋಗುವವರು ಆಟವನ್ನೇ ನಂಬಿ ಬದುಕುವವರಲ್ಲ. ತಿಂಗಳ ಸಂಬಳದವರು, ಸಣ್ಣ ವ್ಯಾಪಾರಿಗಳು, ಓದು ಮುಗಿಸಿದ ತರುಣರು. ಪ್ರತಿಯೊಬ್ಬನೂ ಹಣ ಕಟ್ಟಿ ತನ್ನ ಕುರ್ಚಿಯನ್ನು ಕಾದಿರಿಸಿಕೊಳ್ಳಬೇಕು. ಕಟ್ಟಿದ ಹಣದಲ್ಲಿ ಎರಡು ಪಾಲು. ಒಂದು ಬಹುಮಾನದ ನಿಧಿಗೆ, ಇನ್ನೊಂದು ಪಂದ್ಯ ನಡೆಸುವವನ ಜೇಬಿಗೆ. ಈ ಎರಡನೆಯದಕ್ಕೆ ಪ್ರವೇಶ ಶುಲ್ಕ, ಬುಕಿಂಗ್ ಫೀ ಎಂದು ಬಗೆಬಗೆಯ ಹೆಸರು. ನಮ್ಮ ರೈತನಿಗೆ ತಿಳಿಯುವ ಮಾತಿನಲ್ಲಿ ನಾವು ಅದನ್ನು ಕುರ್ಚಿಯ ಗೇಣಿ ಎನ್ನುತ್ತೇವೆ. ಬೆಳೆ ಬಂದರೂ ಬಾರದಿದ್ದರೂ ಗೇಣಿ ತಪ್ಪದು. ಆಟಗಾರ ಗೆದ್ದರೂ ಸೋತರೂ ಇದೂ ತಪ್ಪದು.

ಲೆಕ್ಕ ಹಾಕಿ ನೋಡೋಣ. ನೂರು ಜನ ತಲಾ 2,000 ರೂಪಾಯಿ ಕಟ್ಟಿದರು. ಅದರಲ್ಲಿ 200 ರೂಪಾಯಿ ಶುಲ್ಕ ಎಂದಿಟ್ಟುಕೊಳ್ಳಿ. ಆಟಗಾರರ ನಡುವೆ ಹಂಚಿಕೆಯಾಗುವುದು 1,80,000. ಮೇಜಿನವನಿಗೆ 20,000. ಅದೇ ನೂರು ಜನ ಹತ್ತು ವಾರ ಆಡಿದರೆ ಅವರ ನಡುವಿನಿಂದ ಎರಡು ಲಕ್ಷ, ಎಂದರೆ ಒಂದು ಇಡೀ ಪಂದ್ಯಕ್ಕೆ ಕಟ್ಟಿದಷ್ಟು ಹಣ, ಹೊರಗೆ ಹೋಗಿರುತ್ತದೆ. ಸರಾಸರಿ ಆಟಗಾರನ ಕೈಗೆ ಮರಳುವುದು 1,800. ಕಟ್ಟಿದ ಹಣ ಹಾಗೆಯೇ ವಾಪಸು ಬರಬೇಕಾದರೂ ಅವನು ಸರಾಸರಿಗಿಂತ ಶೇಕಡಾ 11ರಷ್ಟು ಹೆಚ್ಚು ಗಳಿಸಬೇಕು. ಎಲ್ಲರೂ ಸರಾಸರಿಗಿಂತ ಮೇಲಿರುವ ಊರು ಯಾವುದು?

ಕಾದಿರಿಸುವ ನಿಯಮಗಳನ್ನೂ ನೋಡಿ. ಕುರ್ಚಿ ಕಾದಿರಿಸಿದವನು ಬಾರದಿದ್ದರೆ ಎಷ್ಟೋ ಕಡೆ ಅವನ ಬಿಲ್ಲೆಗಳನ್ನು ಖಾಲಿ ಕುರ್ಚಿಯ ಮುಂದಿಟ್ಟು, ಸುತ್ತು ಸುತ್ತಿಗೂ ಕಡ್ಡಾಯ ಪಣವನ್ನು ಅದರಿಂದ ತೆಗೆಯುತ್ತ ಹೋಗುತ್ತಾರೆ. ಶುಲ್ಕ ಮರಳಿ ಬರುವುದಿಲ್ಲ. ಆಡಿ ಸೋತೆದ್ದವನ ಕುರ್ಚಿಗೆ, ಸರದಿ ಕಾಯುತ್ತಿದ್ದ ಮತ್ತೊಬ್ಬ ಬರುತ್ತಾನೆ, ಅವನದೂ ಶುಲ್ಕ. ಸೋತವನೇ ಮತ್ತೆ ಹಣ ಕಟ್ಟಿ ಕೂತರೆ ಮತ್ತೆ ಶುಲ್ಕ. ಒಂದೇ ಕುರ್ಚಿಗೆ ಒಂದೇ ಸಂಜೆ ಎರಡು ಮೂರು ಗೇಣಿ.

ಇದು ಬೆಳೆದರೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಅಮೆರಿಕದ ಲಾಸ್ ವೇಗಾಸ್ ಸಾಕ್ಷಿ. ಅಲ್ಲಿನ ವರ್ಲ್ಡ್ ಸೀರೀಸ್ ಆಫ್ ಪೋಕರಿನ ಮುಖ್ಯ ಪಂದ್ಯಕ್ಕೆ 1972ರಿಂದ 10,000 ಡಾಲರ್ ಕಟ್ಟಬೇಕು. 2003ರಲ್ಲಿ ಟೆನೆಸಿಯ ಲೆಕ್ಕಪತ್ರದ ನೌಕರ ಕ್ರಿಸ್ ಮನಿಮೇಕರ್ ನೂರು ಡಾಲರಿಗೂ ಕಡಿಮೆಯ ಅರ್ಹತಾ ಪಂದ್ಯದಿಂದ ಒಳಬಂದು 25 ಲಕ್ಷ ಡಾಲರ್ ಗೆದ್ದ. ಆ ವರ್ಷ ಆಡಿದವರು 839, 2006ರಲ್ಲಿ 8,773. ಒಬ್ಬ ಹವ್ಯಾಸಿಯ ಗೆಲುವು ಸಾವಿರಾರು ಹವ್ಯಾಸಿಗಳನ್ನು ಎಳೆದು ತಂದಿತು. 2024ರಲ್ಲಿ 10,112 ಪ್ರವೇಶಗಳಾದವು; ಪ್ರತಿ ಹತ್ತು ಸಾವಿರದಲ್ಲಿ ಬಹುಮಾನಕ್ಕೆ ಹೋದದ್ದು 9,300. ಉಳಿದ 700ರಂತೆ 70 ಲಕ್ಷ ಡಾಲರಿಗೂ ಮಿಕ್ಕಿದ ಹಣ ಒಂದು ಎಲೆಯನ್ನೂ ಆಡದವರ ಪಾಲಾಯಿತು. ಗೆದ್ದವನ ಹೆಸರು ಪ್ರತಿ ವರ್ಷ ಬದಲಾಗುತ್ತದೆ. ಗೇಣಿ ಎಣಿಸುವವನ ಸ್ಥಾನ ಬದಲಾಗುವುದಿಲ್ಲ.

ಸಭಾಂಗಣದ ಬಾಡಿಗೆ, ದೀಪ, ಎಲೆ ಹಂಚುವವರ ಕೂಲಿ ಇವಕ್ಕೆ ಖರ್ಚಿಲ್ಲವೇ ಎಂದು ಕೇಳುವರು. ಇದೆ. ಎಲೆ ಹಂಚುವ ಹುಡುಗ ರಾತ್ರಿಯೆಲ್ಲ ನಿದ್ದೆಗೆಟ್ಟು ದುಡಿಯುತ್ತಾನೆ. ಅವನ ಕೂಲಿ ನ್ಯಾಯವಾಗಿ ಸಲ್ಲಲೇಬೇಕು. ಆದರೆ ಖರ್ಚು ಬೇರೆ, ಶೇಕಡಾವಾರು ಪಾಲು ಬೇರೆ. ಪ್ರವೇಶದ ಹಣ 2,000ದಿಂದ 20,000ಕ್ಕೇರಿದರೆ ಆ ಹುಡುಗ ಹತ್ತು ಪಟ್ಟು ಎಲೆ ಹಂಚುತ್ತಾನೆಯೇ? ದೀಪ ಹತ್ತು ಪಟ್ಟು ಉರಿಯುತ್ತದೆಯೇ? ಇಲ್ಲವೆಂದ ಮೇಲೆ ಶುಲ್ಕ ಮಾತ್ರ ಹತ್ತು ಪಟ್ಟಾಗುವುದು ಯಾವ ದುಡಿಮೆಗೆ?

ಬ್ರಿಟನ್ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದೆ. ಅಲ್ಲಿನ 2005ರ ಜೂಜು ಕಾಯಿದೆಯಡಿ ಊರ ಪಬ್ಬಿನಲ್ಲಿ ಪೋಕರ್ ಆಡಬಹುದು. ಆದರೆ ಪಣ ಒಬ್ಬರಿಗೆ ಒಂದು ಆಟಕ್ಕೆ 5 ಪೌಂಡು, ಇಡೀ ಪಬ್ಬಿಗೆ ದಿನಕ್ಕೆ 100 ಪೌಂಡು ಮೀರಬಾರದು. ಆಡಲು ಶುಲ್ಕ ಕೇಳುವಂತೆಯೇ ಇಲ್ಲ. ಪಣದಿಂದಾಗಲಿ ಗೆಲುವಿನಿಂದಾಗಲಿ ಕಾಸು ಮುರಿದುಕೊಳ್ಳುವಂತೆಯೂ ಇಲ್ಲ. ಸದಸ್ಯರ ಕ್ಲಬ್ಬು ದಿನಕ್ಕೆ 1 ಪೌಂಡು, ಪರವಾನಗಿಯಿದ್ದರೆ 3 ಪೌಂಡು ಪಡೆಯಬಹುದು. ಬ್ರಿಟನ್ ಸಮಾಜವಾದಿ ದೇಶವೇನಲ್ಲ. ಆದರೂ ನೆರೆಹೊರೆಯವರ ಆಟಕ್ಕೂ ಆಟದ ಅಂಗಡಿಗೂ ಇರುವ ಗೆರೆ ಕುರ್ಚಿಯ ಶುಲ್ಕವೇ ಎಂಬುದನ್ನು ಅದು ಕಂಡುಕೊಂಡಿತು.

ನಮ್ಮ ಕಾನೂನಿನಲ್ಲೂ ಈ ಗೆರೆಯುಂಟು. 1963ರ ಪೊಲೀಸ್ ಕಾಯಿದೆ ಜೂಜಿನ ಮನೆಯನ್ನು ಗುರುತಿಸುವುದು ಒಡೆಯನ ಲಾಭದಿಂದ. 1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸದಸ್ಯರ ಸೌಕರ್ಯಕ್ಕಾಗಿ ಪಡೆಯುವ ಸಾಧಾರಣ ಶುಲ್ಕ ಅಪರಾಧವಲ್ಲ, ಆದರೆ ಪಣವಿಟ್ಟಾಡುವ ಆಟದಿಂದ ಒಡೆಯ ಲಾಭ ಗಳಿಸಿದರೆ ಅಪರಾಧವಾದೀತು ಎಂದಿತು. ಅದೇ ತೀರ್ಪಿನ ಮೊದಲರ್ಧವನ್ನು, ರಮ್ಮಿ ಕೌಶಲದ ಆಟ ಎಂಬ ಮಾತನ್ನು, ಎಲ್ಲರೂ ಬಾಯಿಪಾಠ ಮಾಡಿದ್ದಾರೆ, ಉತ್ತರಾರ್ಧವನ್ನು ಮರೆತಿದ್ದಾರೆ. 2013ರಲ್ಲಿ ನಮ್ಮ ಹೈಕೋರ್ಟು, ಕೌಶಲದ ಆಟವಾಗಿ ಆಡುವ ಪೋಕರಿಗೆ ಲೈಸೆನ್ಸು ಬೇಕಿಲ್ಲವೆಂದಿತು. ಲೈಸೆನ್ಸು ಬೇಡವೆಂದಾದ ಮೇಲೆ ಶುಲ್ಕಕ್ಕೆ ಮಿತಿ ಹಾಕುವವರಾರು? 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಮಾಡಿದ ಆನ್‌ಲೈನ್ ಆಟಗಳ ಕಾಯಿದೆ, ಕೌಶಲವೋ ಅದೃಷ್ಟವೋ ಎಂಬ ಗೊಡವೆಯನ್ನೇ ಬಿಟ್ಟು, ಗೆಲ್ಲುವ ಆಸೆಗೆ ಶುಲ್ಕ ಕಟ್ಟಿ ಆಡುವ ಆಟವನ್ನು ಹಣದ ಆಟವೆಂದು ಕರೆದು ನಿಷೇಧಿಸಿತು. ಆದರೆ ಅದು ಮುಟ್ಟುವುದು ಫೋನಿನ ಆಟವನ್ನು, ಮೇಜಿನ ಆಟವನ್ನಲ್ಲ.

ಹೀಗಾಗಿ ನಮ್ಮ ರಾಜ್ಯದಲ್ಲಿ ನ್ಯಾಯ ತಲೆಕೆಳಗಾಗಿದೆ. ಅರಳಿಕಟ್ಟೆಯಲ್ಲಿ ಅಂದರ್-ಬಾಹರ್ ಆಡಿದ ಕೂಲಿಯವರನ್ನು ಪೊಲೀಸರು ಹಿಡಿದು, ಮುಂದಿದ್ದ ಚಿಲ್ಲರೆಯನ್ನು ಜಪ್ತಿ ಮಾಡುತ್ತಾರೆ. ಅಲ್ಲಿ ಕಟ್ಟೆಗೆ ಬಾಡಿಗೆ ಪಡೆದವನಿಲ್ಲ. ತಣ್ಣನೆಯ ಕೋಣೆಯಲ್ಲಿ ರಸೀದಿ ಹರಿದು ಗೇಣಿ ಎಣಿಸುವವನಿಗೆ ವಕೀಲರಿದ್ದಾರೆ.

ಆಟ ಆಡಿದವನನ್ನು ಜೈಲಿಗೆ ಹಾಕಿ ಎಂದು ನಾವು ಹೇಳುವುದಿಲ್ಲ. ನಮ್ಮ ಆಗ್ರಹ ಐದು. ರಸೀದಿಯಲ್ಲಿ ಬಹುಮಾನದ ಪಾಲನ್ನೂ ಶುಲ್ಕವನ್ನೂ ಬೇರೆ ಬೇರೆ ಬರೆಯಬೇಕು. ಶುಲ್ಕ ಶೇಕಡಾವಾರು ಆಗಬಾರದು. ತಲೆಗೆ ದಿನಕ್ಕೆ ಇಷ್ಟೇ ಎಂದು ಸರ್ಕಾರ ಗೊತ್ತುಮಾಡಬೇಕು. ಮತ್ತೆ ಕೂತವನಿಂದ ಮತ್ತೆ ವಸೂಲಿ ಕೂಡದು. ಆಟ ಶುರುವಾಗುವ ಮುನ್ನ ಕುರ್ಚಿ ಬಿಟ್ಟವನಿಗೆ ಹಣ ಪೂರ್ತಿ ಮರಳಬೇಕು. ಎಲೆ ಹಂಚುವವರಿಗೆ ಗೊತ್ತಾದ ಕೂಲಿ ಸಲ್ಲಬೇಕು.

ಈ ನಿಯಮಗಳು ಬಂದ ಮೇಲೂ ಪಂದ್ಯ ನಡೆಸಲು ಯಾರು ಉಳಿಯುತ್ತಾರೋ ನೋಡೋಣ. ಸ್ನೇಹಿತರ ಆಟವಾಗಿದ್ದರೆ ಅದು ಉಳಿಯುತ್ತದೆ. ಗೇಣಿಗಾಗಿ ಹಾಕಿದ ಕುರ್ಚಿಯಾಗಿದ್ದರೆ ಅದು ತಾನಾಗಿಯೇ ಖಾಲಿಯಾಗುತ್ತದೆ.